ಸಾನ್ನಾ, ಹನ್ನೊಂದನೇ ಸರ್ತಿ: ಹೊಂಡ ಹೋಯ್ತು

ಹೋಯ್ತು ಮಾರಾಯ್ರೆ, ಸಾನ್ನಾದ ನೆತ್ತಿ ಕುಸಿದು ಬೀಳುತ್ತಿದ್ದ ಹೊಂಡ ಹೋಯ್ತು! ಸಾನ್ನಾ ಎಂದರೆ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸುವ ಅಕ್ಕಿ ತಿಂಡಿ. ತೊಂದುರಿನ (ಹಬೆ ಪಾತ್ರೆಯ) ಮುಚ್ಚಳ ತೆಗೆದಾಗ ಹದಿನಾರರಲ್ಲಿ ಹದಿನಾಲ್ಕು ಸಾನ್ನಾ ನೆತ್ತಿ ಉಬ್ಬಿಸಿಕೊಂಡೇ ಕೂತಿದ್ದವು. ಹತ್ತು ನಿಮಿಷ ಬಿಟ್ಟು ನೋಡಿದರೂ ಹಾಗೇ. ಉಳಿದೆರಡರ ಮೇಲೆ ಮುಚ್ಚಳದ ನೀರು ಬಿದ್ದಿತ್ತು. ಬಟ್ಟೆ ಕಟ್ಟಲು ಮರೆತದ್ದು ನಾನು, ಹಾಗಾಗಿ ಅವನ್ನು ಸೋಲಿನ ಲೆಕ್ಕಕ್ಕೆ ಹಾಕುವುದಿಲ್ಲ.

ನೆನೆಸುವುದು, ಕಡೆಯುವುದು ನಿಮಗೆ ಗೊತ್ತಿದ್ದದ್ದೇ. ಅಳತೆ ಮಾತ್ರ ಬರೆದಿಡುತ್ತೇನೆ: ಬೆಳ್ತಿಗೆ (ಬಿಳಿ ಅಕ್ಕಿ) 300 ಗ್ರಾಂ, ಕುಚ್ಚಲಕ್ಕಿ 200, ಉದ್ದು 100. ಕುಚ್ಚಲಕ್ಕಿಯ ವಿಷಯದಲ್ಲಿ ಒಂದು ಗೋಳು ಹೇಳಿಯೇ ಮುಂದೆ ಹೋಗಬೇಕು. ಬೆಂಗಳೂರಿನ ನಮ್ಮ ಬೀದಿಯ ಅಂಗಡಿಯವರು "ಮಂಗಳೂರಿಂದಲೇ ಬಂದದ್ದು ಸಾರ್" ಎಂದು ಕೊಟ್ಟ ಚೀಲ ಬಿಚ್ಚಿದರೆ ಗೋಣಿಯ ವಾಸನೆ, ಜೊತೆಗೆ ಎರಡು ಬಗೆಯ ಕಾಳು. ಒಂದು ಅರ್ಧ ಗಂಟೆಯಲ್ಲಿ ಮೆದುವಾಗುತ್ತದೆ, ಇನ್ನೊಂದು ರಾತ್ರಿಯಿಡೀ ನೆನೆದರೂ ಕಲ್ಲು. ಈಗ ಅಕ್ಕ ಊರಿಂದ ಬರುವಾಗಲೆಲ್ಲ ಐದು ಕಿಲೋ ಹೊತ್ತು ತರುತ್ತಾಳೆ, ಜೊತೆಗೆ ನಾಲ್ಕು ಮಾತು ಬಯ್ಯುತ್ತಾಳೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಊರಿನ ಮನೆಯ ಕಂಪೌಂಡಿನ ಆಚೆ ಬಾಯಮ್ಮನ ಮನೆ. ಪ್ರತಿ ಕ್ರಿಸ್ಮಸ್ಸಿಗೆ ಗೋಡೆಯ ಮೇಲಿಂದ ಬಾಳೆಲೆ ಮುಚ್ಚಿದ ತಟ್ಟೆ ಬರುತ್ತಿತ್ತು: ಕುಸ್ವಾರ್, ಅಂದರೆ ಹಬ್ಬದ ಸಿಹಿತಿಂಡಿ, ಒಂದು ಬದಿಗೆ, ಸಾನ್ನಾ ಒಂದು ಬದಿಗೆ. ನಮ್ಮಲ್ಲಿ ಹಂದಿ ಒಳಗೆ ಬರುವ ಹಾಗಿರಲಿಲ್ಲ. ಅವರು ಅದನ್ನು ಬಿಟ್ಟು ಸಾನ್ನಾ ಮಾತ್ರ ಕಳಿಸುವುದು, ಅಮ್ಮ ಅದಕ್ಕೆ ಕೋರಿ ಗಸಿ (ಕೋಳಿ ಸಾರು) ಮಾಡುವುದು. ಆ ಸಾನ್ನಾದ ಮೆತ್ತಗಿನ ರುಚಿ, ತುದಿಯಲ್ಲಿ ಇಷ್ಟೇ ಇಷ್ಟು ಸಿಹಿ ಮತ್ತು ಹುಳಿ, ಯಾವ ಇಡ್ಲಿಗೂ ಬರುವುದಿಲ್ಲ. ಆ ಗುಟ್ಟು ಕಲಿಯಲ್ಲಿ ಉಂಟು. ಕಲಿ ಎಂದರೆ ಶೇಂದಿ, ತುಳುವರು ಯಾರಾದರೂ ಓದುತ್ತಿದ್ದರೆ ನಕ್ಕುಬಿಡಿ. ಶೇಂದಿ ಹಾಕಿ ಮಾಡುವ ಕೇರಳದ ಕಳ್ಳಪ್ಪಂ ಕೂಡ ಇದೇ ಕುಲದ್ದು.

ಮರದಿಂದ ಇಳಿಸುವಾಗ ಕಲಿ ಬರೀ ಸಿಹಿ ನೀರು, ಸಕ್ಕರೆಯೇ ನೂರಕ್ಕೆ 12ರಿಂದ 15 ಪಾಲು. ಮಡಕೆಯ ಒಳಗೆ ಸುಣ್ಣ ಬಳಿದರೆ ಹಾಗೇ ಉಳಿಯುತ್ತದೆ, ಬಳಿಯದಿದ್ದರೆ ಕೆಲವೇ ತಾಸಿನಲ್ಲಿ ನೊರೆ ಬಿಡಲು ಶುರು. ಅದರಲ್ಲಿ ಯೀಸ್ಟ್ ಒಂದೇ ಇರುವುದಲ್ಲ, ಹುಳಿ ತರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಇವೆ. ಇಡ್ಲಿ ಹಿಟ್ಟು ರಾತ್ರಿಯಿಡೀ ಕಾಯುವಲ್ಲಿ ಕಲಿ ಬಿದ್ದ ಹಿಟ್ಟು ಮೂರ್ನಾಲ್ಕು ತಾಸಿಗೆ ಏಳುತ್ತದೆ. ಹುಳಿ ಹೆಚ್ಚಾಗಲಿಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಗಡಂಗು (ಶೇಂದಿ ಅಂಗಡಿ) ಎಲ್ಲಿಂದ ಬರಬೇಕು? ಎರಡನೇ ಸರ್ತಿಗೆ ಅಕ್ಕನ ಮಗ ರಾತ್ರಿ ಬಸ್ಸಿನಲ್ಲಿ ಊರಿಂದ ಒಂದು ಬಾಟ್ಲಿ ಕಲಿ ತಂದ. ತಂದ ಅಂದರೆ, ಹೊರಡುವಾಗ ಒಂದು ಬಾಟ್ಲಿ ಇತ್ತು. ಸಕಲೇಶಪುರ ತಲುಪುವಷ್ಟರಲ್ಲಿ ಮುಚ್ಚಳ ಹಾರಿ, ಎದುರು ಸೀಟಿನವರ ಶಾಲು ತೊಯ್ದು, ಹಾಸನದವರೆಗೆ ಆತ ನಿದ್ರೆಯ ನಟನೆ ಮಾಡಿದ್ದಾನೆ. ಉಳಿದ ಅರ್ಧ ಬಾಟ್ಲಿ ನನ್ನ ಕೈಗೆ ಬರುವಾಗ ವಿನೆಗರಿನ ಹಾದಿ ಹಿಡಿದಿತ್ತು. "ಬೆಳಗ್ಗಿನದ್ದೇ" ಎಂದು ಕೊಟ್ಟವರಿಗೆ ಅದು ಯಾವ ದಿನದ ಬೆಳಗ್ಗೆ ಎಂದು ಕೇಳಬೇಕಿತ್ತು.

ಮೂರರಿಂದ ಏಳರವರೆಗೆ ಇನ್‌ಸ್ಟಂಟ್ ಯೀಸ್ಟಿನ ಕಥೆ. ಹಿಟ್ಟು ಪಾತ್ರೆ ಮೀರಿ ಏಳುತ್ತದೆ, ಬೇಯುವಾಗ ಗೋಪುರದ ಹಾಗೆ ನಿಲ್ಲುತ್ತದೆ, ಮುಚ್ಚಳ ತೆಗೆದು ಎರಡು ನಿಮಿಷಕ್ಕೆ ನಡುವಿನಲ್ಲಿ ಹೊಂಡ. ಹೊಂಡವೆಂದರೆ ಅದರಲ್ಲಿ ಗಸಿ ಹಾಕಿ ಕುಡಿಯಬಹುದು, ಅಷ್ಟು. ಮೇಲಿಂದ ಬ್ರೆಡ್ಡಿನ ವಾಸನೆ. ಊರಿಗೆ ಫೋನ್ ಮಾಡಿದೆ.

"ಈಸ್ಟ್ ಎಷ್ಟು ಹಾಕಿದಿ ಬಾಬಾ?"

"ಒಂದು ಚಮಚ, ಬಾಯಮ್ಮ."

ಆಚೆಯಿಂದ ಅರ್ಧ ನಿಮಿಷ ಬರೀ ನಗು. "ನೀನು ಸಾನ್ನಾ ಮಾಡ್ತಾ ಇದ್ದಿಯಾ, ಬೇಕರಿ ಇಡ್ತಾ ಇದ್ದಿಯಾ?"

ಯೀಸ್ಟ್ ಕಮ್ಮಿ ಮಾಡಿದೆ. ವಾಸನೆ ಹೋಯ್ತು, ಹೊಂಡ ಹೋಗಲಿಲ್ಲ. ಉದ್ದು ಹೆಚ್ಚಿಸಿದೆ. ಸಾನ್ನಾ ಹೋಗಿ ಇಡ್ಲಿಯಾಯಿತು, ಹೊಂಡ ಹೋಗಲಿಲ್ಲ. ಉರಿ ಸಣ್ಣ ಮಾಡಿದೆ, ದೊಡ್ಡ ಮಾಡಿದೆ. ಎಂಟನೇ ಸರ್ತಿ ಕುಸಿದದ್ದೊಂದನ್ನು ಚಾಕುವಿನಿಂದ ನಡುವೆ ಸೀಳಿ ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಸಾಸಿವೆಯಷ್ಟು ತೂತುಗಳು, ಒತ್ತೊತ್ತಾಗಿ, ಚೆಂದಕ್ಕೆ. ನಡುವಿನಲ್ಲಿ ಮಾತ್ರ ಬಟಾಣಿಯಷ್ಟು ದೊಡ್ಡ ಪೊಳ್ಳುಗಳು ಒಂದರೊಳಗೊಂದು ಸೇರಿ ಗುಹೆಯಾಗಿತ್ತು, ಕೆಳಗೆ ಅಂಟಂಟು ಪದರ. ಎದ್ದ ಹಿಟ್ಟನ್ನು ನಾನು ಸೌಟಿನಿಂದ ಮೊಗೆದು ಬಟ್ಟಲಿಗೆ ಸುರಿಯುವಾಗಲೇ ಸಣ್ಣ ಗುಳ್ಳೆಗಳೆಲ್ಲ ಒಡೆದು ದೊಡ್ಡವಾಗುತ್ತಿದ್ದವು. ಬೇಯುವಾಗ ಹಬೆಗೆ ಉಬ್ಬುತ್ತವೆ, ಆದರೆ ಆ ತೆಳು ಗೋಡೆ ತಣಿದ ಮೇಲೆ ನಿಲ್ಲಬೇಕಲ್ಲ!

ಹಾಗಾದರೆ ಬಟ್ಟಲಲ್ಲೇ ಏಳಲಿ. ಕಡೆದ ಕೂಡಲೇ ಬಟ್ಟಲಿಗೆ ಅರ್ಧಕ್ಕಿಂತ ಚೂರು ಮೇಲೆ ತುಂಬಿಸಿ, ಅಲ್ಲೇ ಬಿಟ್ಟು, ಅಂಚು ಮುಟ್ಟಲು ಬೆರಳಗಲ ಇರುವಾಗ ಮುಟ್ಟದೆ ಅಲುಗಿಸದೆ ಕುದಿಯುವ ತೊಂದುರಿಗೆ ಇಳಿಸುವುದು. ಒಂಬತ್ತನೇ ಸರ್ತಿಗೆ ಹೊಂಡ ಅರ್ಧಕ್ಕರ್ಧ ಕಮ್ಮಿ. ಅವತ್ತು ಅಡುಗೆಮನೆಯಲ್ಲಿ ನಾನೊಬ್ಬನೇ ಚಪ್ಪಾಳೆ ತಟ್ಟಿದ್ದು.

ಉಳಿದರ್ಧ ಹೊಂಡ ಕಲಿ ಇಲ್ಲದ್ದರಿಂದ. ಯೀಸ್ಟನ್ನು ನೇರ ಹಿಟ್ಟಿಗೆ ಹಾಕುವ ಬದಲು ಮೊದಲು ಸುಳ್ಳು ಕಲಿ ಮಾಡಿಕೊಂಡರೆ? ತೆಂಗಿನಕಾಯಿ ನೀರು 250 ಮಿಲಿ. ಅದರಲ್ಲಿ ಸಕ್ಕರೆ ನೂರಕ್ಕೆ ನಾಲ್ಕೈದು ಪಾಲಿನ ಆಸುಪಾಸು ಅಷ್ಟೇ, ಕಲಿಯ ಮಟ್ಟಕ್ಕೆ ಏರಿಸಲು ಇನ್ನೂ 25 ಗ್ರಾಂ. ಯೀಸ್ಟ್ ಎರಡು ಬೆರಳಿನ ಚಿಟಿಕೆ. ಜೊತೆಗೆ ಹುಳಿ ಬಂದ ಇಡ್ಲಿ ಹಿಟ್ಟು ಒಂದು ಚಮಚ, ಲ್ಯಾಕ್ಟಿಕ್ ಸೈನ್ಯ ಅದರಲ್ಲಿ ಪುಕ್ಕಟೆ. ಬೆಂಗಳೂರಿನ ಚಳಿಗೆ ಬಲ್ಬ್ ಉರಿಸಿದ ಓವನ್ನಿನೊಳಗೆ ಹನ್ನೆರಡು ತಾಸು, ಮುಚ್ಚಳ ಸಡಿಲ (ಸಕಲೇಶಪುರದ ಪಾಠ). ಬೆಳಿಗ್ಗೆ ಮೂಗಿಗೆ ಹಿಡಿದರೆ ನಿಜವಾದ ಗಡಂಗಿನ ವಾಸನೆ! ಅಕ್ಕಿ ಕಡೆಯಲು ನೀರಿನ ಬದಲು ಪೂರ್ತಿ ಅದೇ. ಬಟ್ಟಲಲ್ಲಿ ಮೂರು ತಾಸು, ಹಬೆಯಲ್ಲಿ ಹದಿನೆಂಟು ನಿಮಿಷ. ಹತ್ತನೆಯದು ಹಿಟ್ಟು ನೀರಾಗಿ ಕೆಟ್ಟಿತು, ಹನ್ನೊಂದನೆಯದು ಇದು.

ಕಾಯಿ ನೀರಿನ ಬಗ್ಗೆ ಎಚ್ಚರಿಕೆ: ಪ್ಯಾಕೆಟ್ಟಿನದ್ದು ಬೇಡ. ನನಗೆ ಸಿಕ್ಕಿದ್ದರಲ್ಲಿ ಎರಡು ದಿನ ಕಾದರೂ ಒಂದು ಗುಳ್ಳೆ ಏಳಲಿಲ್ಲ. ಲೇಬಲ್ಲಿನ ಸಣ್ಣ ಅಕ್ಷರ ಓದಿದರೆ ಪ್ರಿಸರ್ವೇಟಿವ್.

ಈ ಹನ್ನೊಂದು ಸರ್ತಿಯ ಮಧ್ಯೆ ತಲೆಗೆ ಕಡಂಬುಟ್ಟು ಹೊಕ್ಕಿದೆ. ಕೊಡವರು ಬುದ್ಧಿವಂತರು: ಅಕ್ಕಿ ತರಿ ಬೇಯಿಸು, ಉಂಡೆ ಕಟ್ಟು, ಹಬೆಗೆ ಇಡು. ಏಳುವ ಗೋಳೇ ಇಲ್ಲ, ಕುಸಿಯಲು ಏನೂ ಇಲ್ಲ. ಆದರೆ ಅದರ ಜೊತೆಯ ಪಂದಿ ಕರಿಗೆ (ಹಂದಿ ಸಾರಿಗೆ) ಕಾಚಂಪುಳಿ ಬೇಕಲ್ಲ, ಅಲ್ಲೇ ತಗಾದೆ. ಹಣ್ಣಿನ ರಸ ಕುದಿಸಿ ಕುದಿಸಿ ಡಾಂಬರಿನ ಬಣ್ಣಕ್ಕೆ ಬರಿಸಿದ್ದು ಅದು. ನಾನು ದುಡ್ಡು ಕೊಟ್ಟು ತರಿಸಿದ ಸೀಸೆಯಲ್ಲಿ ಇದ್ದದ್ದು ಹುಣಸೆ ನೀರಿಗೆ ಬೆಲ್ಲದ ಬಣ್ಣ ಎಂದು ನನ್ನ ನಾಲಿಗೆ ಹೇಳುತ್ತದೆ. ಕೊಡಗಿನವರು ಯಾರಾದರೂ ದಾರಿ ತೋರಿಸಿ. ಮನೆಯವಳು ಹಂದಿಯ ವಿಷಯಕ್ಕೆ ಇನ್ನೂ ಒಪ್ಪಿಲ್ಲ, ಅದು ಬೇರೆ ಪ್ರಾಜೆಕ್ಟ್.

ಫೋಟೋವನ್ನು ರಾತ್ರಿಯೇ ಬಾಯಮ್ಮನಿಗೆ ಕಳಿಸಿದೆ, ಸೀಳಿದ್ದೊಂದು, ಇಡೀದೊಂದು. ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು: "ತೂತು ಒಳ್ಳೆದುಂಟು ಬಾಬಾ. ಆದ್ರೆ ಬಟ್ಲು ಯಾಕೆ ಇಷ್ಟು ದೊಡ್ಡದು? ಇದು ಸಾನ್ನಾವೋ, ಟೊಪ್ಪಿಯೋ?"

ಸಂಜೆ ಪಾತ್ರೆ ಅಂಗಡಿಗೆ ಹೋಗಲಿಕ್ಕುಂಟು.