ಗಾಲ್ಫ್ ಆಡದವನ ಮನೆಯಲ್ಲಿ ಎರಡು ರೇಂಜ್‌ಫೈಂಡರ್

ಶಿರಸಿ ಸುತ್ತಮುತ್ತ ಗಾಲ್ಫ್ ಆಡುವವರನ್ನು ನಾನಂತೂ ನೋಡಿಲ್ಲ. ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ, ಇರಬೇಕಾದದ್ದೇ. ಹಾಗಿದ್ದರೂ ನಮ್ಮ ಮನೆ ಜಗಲಿಯ ಗೂಟದಲ್ಲಿ ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ನೇತಾಡುತ್ತಿದೆ. ಒಂದಲ್ಲ, ಎರಡು. ಎಲ್ಲಾ ಶುರುವಾಗಿದ್ದು ದೋಟಿಯಿಂದ, ಅಂದರೆ ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯುವ, ಮದ್ದು ಹೊಡೆಯುವ ಉದ್ದ ಕೋಲಿನಿಂದ.

ಅಡಿಕೆ ಮರ ಹತ್ತಿ ಈ ಕೆಲಸ ಮಾಡುವ ಕೊನೆಗೌಡರು ಸಿಗುವುದು ಈಗ ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ಗೊತ್ತೇ ಇದೆ. ಕೊಳೆರೋಗಕ್ಕೆ ಮದ್ದು ಹೊಡೆಸೋಣ ಅಂದರೆ ಅವರು ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹಾಗಾಗಿ ಕಾರ್ಬನ್ ಫೈಬರ್ ದೋಟಿ ತರೋಣ ಅಂತ ಅಂಗಡಿಗೆ ಹೋದೆ. ಅವರು ಕೇಳಿದ್ದು ಒಂದೇ ಮಾತು: ನಿಮ್ಮ ತೋಟದ ಮರ ಎಷ್ಟು ಎತ್ತರ? ಅಪ್ಪ 50 ಅಡಿ ಅಂದರು. ನಮ್ಮ ಕೊನೆಗೌಡ 70 ಅಂದ. ಗಿಡ್ಡ ದೋಟಿ ತಂದರೆ ಕೊನೆ ಮುಟ್ಟುವುದಿಲ್ಲ, ಉದ್ದದ್ದು ತಂದರೆ ದುಡ್ಡೂ ಜಾಸ್ತಿ, ಎತ್ತಿ ನಿಲ್ಲಿಸಿದರೆ ತುದಿ ಬಾಗಿ ಓಲಾಡುತ್ತದೆ, ಸಂಜೆ ಹೊತ್ತಿಗೆ ಭುಜ ನಮ್ಮದಲ್ಲ. ಟೇಪ್ ಹಿಡಿದು ಮರ ಹತ್ತಿ ಅಳೆಯೋಣ ಅಂದರೆ, ಹತ್ತುವವರು ಇಲ್ಲ ಅಂತಲೇ ಅಲ್ವಾ ದೋಟಿ ತರುತ್ತಿರುವುದು!

ನೆಲದಲ್ಲಿ ನಿಂತೇ ಅಳೆಯೋಣ ಅಂತ ಆನ್‌ಲೈನ್‌ನಲ್ಲಿ ರೇಂಜ್‌ಫೈಂಡರ್ ಹುಡುಕಿದರೆ ಎರಡು ಜಾತಿ ಕಂಡವು. ಗಾಲ್ಫಿನದು, ಬೇಟೆಯದು. ನಾನು ನೋಡಲು ಚೆಂದ ಇದ್ದ, ಅಗ್ಗದ ಗಾಲ್ಫಿನದು ತರಿಸಿದೆ. ಡಬ್ಬಿಯ ಮೇಲೆ 1000 ಯಾರ್ಡ್ ಅಂತ ದೊಡ್ಡದಾಗಿ ಬರೆದಿತ್ತು. ನಮ್ಮ ತೋಟದ ಈ ತುದಿಯಿಂದ ಆ ತುದಿಗೆ 150 ಮೀಟರ್ ಇದ್ದರೆ ಹೆಚ್ಚು. ಸಾಕಾಗಿ ಮಿಗುತ್ತದೆ ಅಂದುಕೊಂಡೆ.

ಆಗ ನನಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಎರಡೂ ಜಾತಿಯ ಹೊಟ್ಟೆಯೊಳಗೆ ಇರುವುದು ಹೆಚ್ಚುಕಮ್ಮಿ ಒಂದೇ. ಸಾಮಾನ್ಯವಾಗಿ 905 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಬೆಳಕಿನ ಮಿಡಿತ ಹೊರಡುತ್ತದೆ, ಎದುರಿನ ವಸ್ತುವಿಗೆ ಬಡಿದು ವಾಪಸ್ ಬರುತ್ತದೆ, ಹೋಗಿಬರುವ ಹೊತ್ತಿನಿಂದ ದೂರ ಲೆಕ್ಕ. ಒಂದು ಮೀಟರ್ ದೂರಕ್ಕೆ ಹೋಗಿಬರಲು ಬೆಳಕಿಗೆ ಸುಮಾರು 6.7 ನ್ಯಾನೋಸೆಕೆಂಡ್ ಸಾಕು. ಆದರೆ ವಾಪಸ್ ಬರುವುದು ಒಂದೇ ಪ್ರತಿಧ್ವನಿ ಅಲ್ಲ. ಎಲೆಗೆ ಬಡಿದದ್ದು, ಕಾಂಡಕ್ಕೆ ಬಡಿದದ್ದು, ಹಿಂದಿನ ಧರೆಗೆ ಬಡಿದದ್ದು ಎಲ್ಲಾ ಬರುತ್ತವೆ. ಯಾವುದನ್ನು ನಂಬಬೇಕು ಅನ್ನುವುದರಲ್ಲೇ ವ್ಯತ್ಯಾಸ. ಗಾಲ್ಫಿನಲ್ಲಿ ಮುಂದೆ ಗುಳಿಗೆ ನೆಟ್ಟ ಬಾವುಟ, ಹಿಂದೆ ಮರಗಳು. ಹಾಗಾಗಿ ಹತ್ತಿರದ್ದನ್ನು ಹಿಡಿ. ಬೇಟೆಯಲ್ಲಿ ಮುಂದೆ ಪೊದೆ, ಹಿಂದೆ ಪ್ರಾಣಿ. ಹಾಗಾಗಿ ದೂರದ್ದನ್ನು ಹಿಡಿ.

ಈಗ ಅಡಿಕೆ ತೋಟ ಯೋಚಿಸಿ. 9 ಅಡಿಗೆ ಒಂದು ಮರ, ಮರಕ್ಕೊಂದು ಮೆಣಸಿನ ಬಳ್ಳಿ, ನಡುವೆ ಬಾಳೆ, ಏಲಕ್ಕಿ. ನಾನು ಏಳನೇ ಸಾಲಿನ ಮರಕ್ಕೆ ಗುರಿ ಇಟ್ಟರೆ ಯಂತ್ರ ಎರಡನೇ ಸಾಲಿನ ಮೆಣಸಿನ ಎಲೆಯನ್ನು ಹಿಡಿದು, ಬಾವುಟ ಸಿಕ್ಕಿತು ಅಂತ ಜಿರ್ರನೆ ನಡುಗುತ್ತಿತ್ತು. ಹತ್ತು ಸಲ ಒತ್ತಿದರೂ ಅದೇ ಖುಷಿ.

ಅಂಕಿ ಓದುವುದೂ ಕಷ್ಟ. ಒಳಗಿನ ಪರದೆಯ ಅಕ್ಷರ ಕಪ್ಪು, ತೋಟದ ನೆರಳೂ ಕಪ್ಪು. ಕೆಂಪು ಅಕ್ಷರದ್ದು ಬೇರೆ ಸಿಗುತ್ತದೆ, ತೋಟದವರು ಅದನ್ನೇ ತೆಗೆದುಕೊಳ್ಳಿ. ಮೇಲಿಂದ ಅಳತೆ ಯಾರ್ಡಿನಲ್ಲಿ. 100 ಯಾರ್ಡ್ ಅಂದರೆ 91.44 ಮೀಟರ್. ಅಪ್ಪನ ಲೆಕ್ಕ ಇವತ್ತಿಗೂ ಮಾರಿನಲ್ಲಿ.

ಇಳಿಜಾರಿನ ಲೆಕ್ಕ ಮಾತ್ರ ಸ್ವಲ್ಪ ಗಮನ ಕೊಟ್ಟು ಓದಿ. ಎರಡೂ ಜಾತಿಯ ಹಲವು ಯಂತ್ರಗಳಲ್ಲಿ ಕೋನ ಅಳೆಯುವ ಸೌಲಭ್ಯ ಇರುತ್ತದೆ, ಆದರೆ ಗಾಲ್ಫಿನದು ತೋರಿಸುವ ಸಂಖ್ಯೆ ನೆಲದ ದೂರ ಅಲ್ಲ. ಏರಿನಲ್ಲಿ ಚೆಂಡನ್ನು ಎಷ್ಟು ದೂರದ್ದು ಅಂತ ಎಣಿಸಿ ಹೊಡೆಯಬೇಕು ಅನ್ನುವ ಸಲಹೆ ಅದು. ಏರಿದ್ದರೆ ಕೂಡಿಸುತ್ತದೆ, ಇಳಿದರೆ ಕಳೆಯುತ್ತದೆ. (2019ರ ನಿಯಮದ ಪ್ರಕಾರ ದೂರ ಅಳೆಯುವುದಕ್ಕೆ ಗಾಲ್ಫಿನಲ್ಲಿ ಅಡ್ಡಿಯಿಲ್ಲ, ಆದರೆ ಏರಿಳಿತದ ಲೆಕ್ಕ ನೋಡುವ ಹಾಗಿಲ್ಲ. ಅದಕ್ಕೇ ಕೆಲವದರಲ್ಲಿ ಅದನ್ನು ಬಂದ್ ಮಾಡುವ ಗುಂಡಿ ಇರುತ್ತದೆ.) ಬೇಟೆಯದು ಸಮತಲದ ದೂರ ಕೊಡುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ 100 ಮೀಟರ್ ದೂರದ ವಸ್ತುವಿಗೆ 86.6 ಅಂತ ತೋರಿಸುತ್ತದೆ. ನಮಗೆ ಬೇಕಾದ್ದು ಇದು.

ಇನ್ನು ಡಬ್ಬಿಯ ಆ 1000. ಅದು ಚೆನ್ನಾಗಿ ಹೊಳೆಯುವ ವಸ್ತುವಿಗೆ ಹೇಳುವ ಸಂಖ್ಯೆ. ಮರಕ್ಕೆ ಕಡಿಮೆ, ಪ್ರಾಣಿಗೆ ಇನ್ನೂ ಕಡಿಮೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಜಡ್ಡಿಯ ಆಚೆಯ ಹಲಸಿನ ಮರಕ್ಕೆ ಹಿಡಿದರೆ 8 ಅಂತ ಬಂತು. ಅದು ಮಂಜಿನ ದೂರ! ಮಂಜು, ಮಳೆಹನಿಗೆ ಬಡಿದ ಬೆಳಕೂ ವಾಪಸ್ ಬರುತ್ತದಲ್ಲ. ನಮ್ಮಲ್ಲಿ ಅಳೆಯುವ ಕೆಲಸ ಏನಿದ್ದರೂ ಮೇ ತಿಂಗಳೊಳಗೆ.

ಮಾರಿದವರು ಡಬ್ಬಿ ಒಡೆದಿದೆ ಅಂತ ವಾಪಸ್ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನದೇ, ಆದರೂ ಸಿಟ್ಟು ಬಂತು. ನಾಲ್ಕು ತಿಂಗಳು ಬಿಟ್ಟು ಬೇಟೆಯ ಜಾತಿಯದೊಂದು ತರಿಸಿದೆ. ಡಬ್ಬಿಯ ಮೇಲಿನ ದೂರ ಈ ಸಲ ನೋಡಲೇ ಇಲ್ಲ. ದೂರದ ಗುರಿ ಹಿಡಿಯುವುದು, ಕೋನ, ಕೆಂಪು ಅಕ್ಷರ, ಕನ್ನಡಕ ಹಾಕಿಕೊಂಡೇ ನೋಡಲು ಬರುವುದು, ಇಷ್ಟು ನೋಡಿದೆ. ಚಾರ್ಜ್ ಮಾಡುವಂಥದ್ದೇ ಬೇಕು ಅಂತಲೂ ಹಟ ಹಿಡಿದೆ. ಹಳೆಯದಕ್ಕೆ ಸಿಆರ್2 ಅನ್ನುವ ಗಿಡ್ಡ ಬ್ಯಾಟರಿ ಬೇಕು, ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದರೂ ಸಿಕ್ಕಿರಲಿಲ್ಲ.

ಅಳೆದದ್ದು ಹೀಗೆ. ಮರದ ಬುಡ, ನಾನು ನಿಂತ ಜಾಗ ಒಂದೇ ಮಟ್ಟದಲ್ಲಿರಬೇಕು. ಕಾಂಡಕ್ಕೆ ಕಣ್ಣಿನ ಎತ್ತರದಲ್ಲಿ ಒಂದು ಅಡಿಕೆ ಹಾಳೆ ಕಟ್ಟಿದೆ, ಗುರಿಗೆ ಅಗಲ ಸಿಕ್ಕಿತು. ದೂರ 20 ಮೀಟರ್. ಆಮೇಲೆ ಸುಳಿಯ ಬುಡಕ್ಕೆ ಹಿಡಿದರೆ ಕೋನ 40 ಡಿಗ್ರಿ. 20ನ್ನು 40ರ ಟ್ಯಾನ್‌ನಿಂದ ಗುಣಿಸಿದರೆ 16.8, ನನ್ನ ಕಣ್ಣಿನ ಎತ್ತರ 1.6 ಸೇರಿ 18.4 ಮೀಟರ್, ಅಂದರೆ 60 ಅಡಿ. ಕೈ ಒಂದು ಡಿಗ್ರಿ ನಡುಗಿದರೆ ಎರಡು ಅಡಿ ತಪ್ಪುತ್ತದೆ, ಹಾಗಾಗಿ ಕಂಬಕ್ಕೆ ಒರಗಿ ಹಿಡಿಯಿರಿ. ಮರ ಎಷ್ಟು ಎತ್ತರವೋ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ನಿಂತರೆ ಈ ತಪ್ಪು ಅತಿ ಕಡಿಮೆ. ಮೂರು ಕಡೆ ಗುರಿ ಹಿಡಿದರೆ ಎತ್ತರವನ್ನು ತಾನೇ ಹೇಳುವ ನಿಕಾನ್ ಫಾರೆಸ್ಟ್ರಿ ಪ್ರೊ ತರಹದ್ದೂ ಇವೆ. ನನಗೆ ಹತ್ತನೇ ಕ್ಲಾಸಿನ ಲೆಕ್ಕವೇ ಸಾಕಾಯಿತು.

ಎತ್ತರದ ಮರಗಳು 60, ಉಳಿದವು 50ರ ಆಸುಪಾಸು. 60 ಅಡಿಯ ದೋಟಿ ತಂದೆ. ಕೊನೆಗೌಡ ಬಂದು ನೋಡಿ, "ನಾ ಮೊದಲೇ ಹೇಳಿದ್ನಲ್ಲ, ಅರವತ್ತು ಅಂತ" ಅಂದ.

ಆಮೇಲೆ ಬೆಟ್ಟದ ಅಬ್ಬಿ ನೀರನ್ನು, ಅಂದರೆ ಒರತೆಯ ನೀರನ್ನು, ಪೈಪಿನಲ್ಲಿ ತೋಟಕ್ಕೆ ತರುವುದಕ್ಕೂ ಅದೇ ಯಂತ್ರ ಕೆಲಸಕ್ಕೆ ಬಂತು. ಒರತೆಯಿಂದ ತೋಟದ ತಲೆಯವರೆಗೆ ಒಂದೇ ಸಲ ಕಾಣುವುದಿಲ್ಲ, ಕಾಡು ಅಡ್ಡ. ಮೂರು ತುಂಡು ಮಾಡಿ, ತಮ್ಮನನ್ನು ಮುಂದೆ ಕಳಿಸಿ, ಅವನ ಕಣ್ಣಿನ ಮಟ್ಟಕ್ಕೆ ಹಾಳೆ ಹಿಡಿಸಿ ಅಳೆದೆ. ನಮ್ಮಿಬ್ಬರ ಎತ್ತರ ಒಂದೇ ಆದ್ದರಿಂದ ಕೂಡಿಸುವ ಕಳೆಯುವ ರಗಳೆ ಇಲ್ಲ. ಒಟ್ಟು ಇಳಿತ 29 ಮೀಟರ್. 10 ಮೀಟರ್ ಇಳಿತಕ್ಕೆ ಒಂದು ಕೆ.ಜಿ. ಒತ್ತಡ ಅಂತ ಪಂಪಿನವರು ಹೇಳುವ ಲೆಕ್ಕದಲ್ಲಿ, ಪೈಪಿನ ತಿಕ್ಕಾಟ ಕಳೆದರೂ ಸ್ಪ್ರಿಂಕ್ಲರ್ ಮೋಟಾರಿಲ್ಲದೆ ತಿರುಗುತ್ತದೆ. ತಿರುಗುತ್ತಿದೆ.

ಗಾಲ್ಫಿನದನ್ನು ಮಗ ಎತ್ತಿಕೊಂಡ. ಕೊಯ್ಲು ಮುಗಿದ ಗದ್ದೆಯಲ್ಲಿ ಅವರ ಕ್ರಿಕೆಟ್. ಪುರುಷರ ಅಂತರರಾಷ್ಟ್ರೀಯ ಪಂದ್ಯದಲ್ಲಿ ಬೌಂಡರಿ ಕಡಿಮೆ ಅಂದರೂ 65 ಯಾರ್ಡ್ ಇರಬೇಕು. ಇವರದ್ದು 41 ಬಂತಂತೆ. ಬೌಂಡರಿಗೆ ಊರಿದ ಕೋಲಿಗೆ ಕೆಂಪು ಬಟ್ಟೆ ಕಟ್ಟಿದ್ದರು, ಒಂದೇ ಸಲಕ್ಕೆ ಹಿಡಿದು ಜಿರ್ರಂತ ನಡುಗಿತು ಅಂತ ಓಡಿ ಬಂದು ಹೇಳಿದ.