ಹದಿನೈದನೇ ಕಡ್ಡಿ

ಮಿಡಿ ಉಪ್ಪಿನಕಾಯಿ ನಾಲಗೆಗೆ ತಾಗಿದ್ದೇ ತಡ, ಕಣ್ಣಲ್ಲಿ ನೀರು ಬಂತು. "ಈ ಸಲ ಖಾರ ಜಾಸ್ತಿ ಆಯ್ತೇನೋ?" ಅಂದಳು ಅಮ್ಮ. ಖಾರ ಎಂದಿನಷ್ಟೇ ಇತ್ತು.

ಆಮೇಲೆ ಒಂದೊಂದೇ ಗೊತ್ತಾಗತೊಡಗಿತು. ಪಾನಿಪೂರಿ ಬಾಯೊಳಗೆ ಹೋಗುತ್ತಿರಲಿಲ್ಲ, ಸುಮ್ನೆ ಮಸಾಲೆಪೂರಿ ಹೇಳುತ್ತಿದ್ದೆ. ಆಕಳಿಸಿದರೆ ಕೆನ್ನೆಯೊಳಗೆ ಹಗ್ಗ ಬಿಗಿದ ಹಾಗೆ. ನಾನು ಶಿವಮೊಗ್ಗದ ಅಡಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಕೆಯ ಬಗೆ ಯಾವುದೇ ಇರಲಿ, ಕಂಡ ಕೂಡಲೇ ಹೇಳುತ್ತೇನೆ. ಅನ್ನ ಕೊಟ್ಟಿದ್ದು ಅದೇ, ಬಾಯಾಡಿಸಲಿಕ್ಕೂ ಅದೇ. ಮನೆಯಲ್ಲಿ ಎಲೆಅಡಕೆ, ಮಂಡಿಯಲ್ಲಿ ಪ್ಯಾಕೆಟ್. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಒಂದು ಪ್ಯಾಕೆಟ್ ಇದ್ದದ್ದು ಎರಡಾಯಿತು, ಪಾನ್ ಮಸಾಲ ಬೇರೆ, ತಂಬಾಕು ಬೇರೆ. ಬೆರೆಸುವ ಕೆಲಸ ನಮ್ಮ ಅಂಗೈಗೆ ಬಂತು, ಅಷ್ಟೇ.

ಡೆಂಟಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮೇಡಂ, "ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡೋಣ" ಅಂದರು. ಎರಡು ಹೋಯಿತು. ಸ್ಕೇಲ್ ಹಿಡಿದು ಅಳೆದರೆ 23 ಮಿಲಿಮೀಟರ್. 35 ಆದರೂ ಇರಬೇಕಿತ್ತಂತೆ. ಕನ್ನಡಿಯಲ್ಲಿ ಕೆನ್ನೆಯ ಒಳಮೈ ತೋರಿಸಿದರು. ಕೆಂಪಾಗಿರಬೇಕಾದ ಜಾಗ ಅಮೃತಶಿಲೆಯ ಹಾಗೆ ಬೆಳ್ಳಗಿತ್ತು. ಬಯಾಪ್ಸಿ ಆದ ಮೇಲೆ ಫೈಲಿನ ಮೇಲೆ ಬರೆದರು: ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯ ಒಳಪದರದಡಿ ನಾರು ಬೆಳೆದು ಬಿಗಿಯುವ ಕಾಯಿಲೆ.

"ತಂಬಾಕು ಬಿಟ್ಟುಬಿಡ್ತೀನಿ ಮೇಡಂ, ಬರೀ ಅಡಕೆ ಹಾಕ್ಕೊಂಡರೆ ಪರವಾಗಿಲ್ಲ ಅಲ್ವಾ?"

"ಇದಕ್ಕೆ ಮುಖ್ಯ ಕಾರಣವೇ ಅಡಕೆ."

ಅಡಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಬಾಯಿಯ ಒಳಪದರದಡಿ ನಾರು ಬೆಳೆಸುತ್ತದೆ, ಅಡಕೆಯಲ್ಲಿರುವ ತಾಮ್ರ ಆ ನಾರನ್ನು ಇನ್ನಷ್ಟು ಬಿಗಿ ಮಾಡುತ್ತದೆ ಎಂದು ವಿವರಿಸಿದರು. ತಾಮ್ರ ಅಂದಕೂಡಲೇ ನನಗೆ ಮಳೆಗಾಲದಲ್ಲಿ ಅಡಕೆಯ ಕೊಳೆರೋಗಕ್ಕೆ ತಾಮ್ರದ ಅಂಶವಿರುವ ಮೈಲುತುತ್ತ ಹೊಡೆಯುತ್ತಿದ್ದ ಅಪ್ಪ ಕಂಡರು. 1952ರಲ್ಲಿ ಈ ಕಾಯಿಲೆಯನ್ನು ಷ್ವಾರ್ಟ್ಸ್ ಎಂಬ ವೈದ್ಯರು ಗುರುತಿಸಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಂತೆ. ಸಮುದ್ರ ದಾಟಿದರೂ ಅಡಕೆ ಬಿಟ್ಟು ಹೋದವರಲ್ಲ ನಮ್ಮವರು!

ವಾರಕ್ಕೊಂದರಂತೆ 8 ವಾರ ಇಂಜೆಕ್ಷನ್ ಎಂದು ತೀರ್ಮಾನವಾಯಿತು. ಮೊದಲ ದಿನ ಬೆಳಿಗ್ಗೆ ಬಿಪಿ, ಶುಗರ್ ನೋಡಿದರು. ಔಷಧಿಯಲ್ಲಿ ಸ್ಟೀರಾಯ್ಡ್ ಇರುವುದರಿಂದ ಶುಗರ್ ಏರಬಹುದು. ಪುಟ್ಟ ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ, ಹಯಲುರೋನಿಡೇಸ್ 1500 ಯೂನಿಟ್. ನಾರುಗಳ ನಡುವಿನ ಅಂಟನ್ನು ಸಡಿಲಿಸುವುದು ಅದರ ಕೆಲಸ. ಅದಕ್ಕೆ ಉರಿಯೂತ ಇಳಿಸುವ ಡೆಕ್ಸಾಮೆಥಸೋನ್, ಮರಗಟ್ಟಿಸುವ ಲಿಗ್ನೋಕೇನ್ ಸೇರಿಸಿದರು. ಸೂಜಿ ಕೂದಲಿನಂತಿತ್ತು. ನನಗೆ ಮಾತ್ರ ಗೋಣಿಚೀಲ ಹೊಲಿಯುವ ದಬ್ಬಳದ ಹಾಗೆ ಕಂಡಿತು.

ಒಂದೇ ಚುಚ್ಚು ಅಂದುಕೊಂಡಿದ್ದೆ. ಅಲ್ಲ. ಕೆನ್ನೆಯೊಳಗೆ ಅಲ್ಲೊಂದು ಇಲ್ಲೊಂದು, ದವಡೆಯ ಮೂಲೆಯಲ್ಲಿ ಮತ್ತೊಂದು, ಆಮೇಲೆ ಆ ಕಡೆ. ನೋವಿಗಿಂತ ವಿಚಿತ್ರ ಅನಿಸಿದ್ದು ಬಿಗಿತ. ಸೂಜಿ ಒಳಗೆ ಹೋದರೂ ಔಷಧಿ ಇಳಿಯುತ್ತಿರಲಿಲ್ಲ. ಮೇಡಂ ಹೆಬ್ಬೆರಳು ಒತ್ತಿ ಒತ್ತಿ ನೂಕುತ್ತಿದ್ದರು. ನನ್ನ ಕೆನ್ನೆ ಚಪ್ಪಲಿ ಚರ್ಮ ಆಗಿದೆ ಅಂತ ಆಗ ಪೂರ್ತಿ ಅರ್ಥವಾಯಿತು. ಉರಿ, ಕಹಿ, ಆಮೇಲೆ ಜೋಮು. ಹೊರಗೆ ಬಂದು ಟೀ ಕುಡಿಯಲು ಹೋಗಿ ಅರ್ಧ ಟೀ ಅಂಗಿಗೆ ಕುಡಿಸಿದೆ. ಜೋಮು ಇಳಿಯುವವರೆಗೆ ಏನೂ ತಿನ್ನಬೇಡಿ ಎಂದು ಅವರು ಹೇಳಿಯೇ ಇದ್ದರು.

ಆವತ್ತೇ ಒಂದು ಕಟ್ಟು ಐಸ್‌ಕ್ರೀಂ ಕಡ್ಡಿ ಕೊಟ್ಟರು. ಹಲ್ಲುಗಳ ನಡುವೆ ಒಂದರ ಮೇಲೊಂದು ಜೋಡಿಸಿ ಹಿಡಿದುಕೊಳ್ಳಬೇಕು, ದಿನಕ್ಕೆ ನಾಲ್ಕೈದು ಸಲ. "ಇಂಜೆಕ್ಷನ್ ಸಡಿಲ ಮಾಡುತ್ತೆ, ಬಾಯಿ ತೆರೆಸೋದು ಕಡ್ಡಿ" ಅಂದರು. ಶುರುವಿನಲ್ಲಿ 11 ಕಡ್ಡಿ ಹಿಡಿಯಿತು. ಮೂರನೇ ವಾರ ಕಷ್ಟಪಟ್ಟು 12. ಐದನೇ ವಾರ ಒಂದು ಮದುವೆಗೆ ಹೋಗಿ ಕಡ್ಡಿ ಮರೆತೆ, ಒಂದು ಎಲೆಅಡಕೆಯನ್ನೂ ಹಾಕಿಕೊಂಡೆ. ಸ್ಕೇಲ್ ಹಿಡಿದ ಮೇಡಂಗೆ ಗೊತ್ತಾಯಿತು. ಬೈಯಲಿಲ್ಲ, ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ಎಂಟನೇ ವಾರ 30 ಮಿಲಿಮೀಟರ್. ಹದಿನೈದನೇ ಕಡ್ಡಿ ಕಿರ್ ಎನ್ನುತ್ತಾ ಒಳಗೆ ಹೋಯಿತು. ಉರಿ ಕಡಿಮೆಯಾಗಿದೆ. ಆದರೆ ಕೆನ್ನೆ ಮೊದಲಿನಂತಾಗುವುದಿಲ್ಲ. ಕ್ಯಾನ್ಸರಿನ ಭಯ ಇದ್ದೇ ಇದೆ, ಆಗಾಗ ತೋರಿಸುತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಬರೀ ಅಡಕೆಯನ್ನೂ 2004ರಲ್ಲೇ ಕ್ಯಾನ್ಸರ್‌ಕಾರಕ ಎಂದಿದೆ. ಮಂಡಿಯಲ್ಲಿ ಈ ಮಾತೆತ್ತಿದರೆ ಜಗಳವೇ ಆಗುತ್ತದೆ. ನಾನು ಎತ್ತುವುದಿಲ್ಲ. ನನ್ನ ಸಂಬಳವೂ ಅಲ್ಲೇ ಇದೆಯಲ್ಲ.

ಮೊನ್ನೆ ಮೇಜಿನ ಮುಂದೆ ಕೂತು ಬಾಯಿಗೆ ಕಡ್ಡಿ ಕೊಟ್ಟುಕೊಂಡಿದ್ದೆ. ಹಮಾಲರಿಗೆ ತಮಾಷೆ. "ಕಡ್ಡಿ ಇದೆ, ಐಸ್‌ಕ್ರೀಂ ಎಲ್ಲಿ ಗುಮಾಸ್ತರೇ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಹುಡುಗ ಮಾತ್ರ ನಗಲಿಲ್ಲ. ಲಾರಿ ಹೋದ ಮೇಲೆ ಹತ್ತಿರ ಬಂದು, "ಅಣ್ಣ, ನಂದೊಂಚೂರು ನೋಡ್ತೀರಾ?" ಎಂದು ಬೆರಳು ಬಾಯಿಗಿಟ್ಟು ತೋರಿಸಿದ. ಎರಡನೇ ಬೆರಳು ಅರ್ಧಕ್ಕೇ ನಿಂತಿತ್ತು.