ಪ್ಲಗ್ ಸಿಕ್ಕರೆ ಮಾತ್ರ ಇಂಜೆಕ್ಷನ್

ಮೈಕ್ರೋಇಂಜೆಕ್ಷನ್, ಅಂದರೆ ಇಲಿಯ ಅಂಡದೊಳಗೆ ಸಣ್ಣ ಸೂಜಿಯಿಂದ ಜೀನ್ ತಿದ್ದುವ ದ್ರಾವಣ ಚುಚ್ಚುವುದನ್ನು ಕಲಿಯಲು ಹೋದ ದಿನ ಬೆಳಿಗ್ಗೆ ನನಗೆ ಸಿಕ್ಕ ಮೊದಲ ಕೆಲಸ, ಹೆಣ್ಣು ಇಲಿಗಳನ್ನು ಒಂದೊಂದಾಗಿ ಎತ್ತಿ ರಾತ್ರಿ ಗಂಡಿನ ಜೊತೆ ಕೂಡಿವೆಯಾ ಅಂತ ನೋಡುವುದು. ಕೂಡಿದ್ದರೆ ಯೋನಿಯ ಬಾಯಲ್ಲಿ ಬಿಳಿ ಬಿರಡೆಯಂಥದ್ದು ಇರುತ್ತದೆ. ಲ್ಯಾಬಿನವರ ಬಾಯಲ್ಲಿ ಅದು ಪ್ಲಗ್. ತಡ ಮಾಡಿದರೆ ಉದುರಿಹೋಗುತ್ತದೆ. ಜೀನ್ ತಿದ್ದುವಂಥ ದೊಡ್ಡ ಕೆಲಸ, ಆದರೆ ಅದು ನಡೆಯುತ್ತದೋ ಇಲ್ಲವೋ ಅನ್ನುವುದು ಇಲಿಗಳ ಮರ್ಜಿ!

ಆ ಇಲಿಗಳಿಗೆ ಮೊದಲೇ ಎರಡು ಹಾರ್ಮೋನ್ ಚುಚ್ಚಿರುತ್ತಾರೆ, ಸುಮಾರು 48 ಗಂಟೆ ಅಂತರದಲ್ಲಿ. ಅಂಡಗಳು ಜಾಸ್ತಿ ಸಿಗಲಿ ಅಂತ. ಪ್ಲಗ್ ಸಿಕ್ಕ ಇಲಿಗಳನ್ನು ಅವತ್ತೇ ಕೊಂದು, ಫಲಗೊಂಡ ಅಂಡಗಳಿಗಾಗಿ ಅಂಡನಾಳ ತೆಗೆಯುತ್ತಾರೆ. ಇದನ್ನು ಮರೆಮಾಚಿ ಬರೆಯಲು ನನಗೆ ಮನಸ್ಸಿಲ್ಲ.

ಅಂಡ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಒಂದು ಗಾಜಿನ ನಳಿಕೆ ಅದನ್ನು ಮೆಲ್ಲಗೆ ಹೀರಿ ಹಿಡಿದಿರುತ್ತದೆ, ಇನ್ನೊಂದು ಕಡೆಯಿಂದ ಸೂಜಿ ಬರುತ್ತದೆ. ಒಳಗೆ ಎರಡು ದುಂಡನೆಯ ಬೀಜಕೇಂದ್ರಗಳು, ಒಂದು ತಾಯಿಯದು, ಒಂದು ತಂದೆಯದು. ತಂದೆಯದು ಸ್ವಲ್ಪ ದೊಡ್ಡದು, ಗುರಿ ಇಡಲು ಸುಲಭ. ದ್ರಾವಣ ಒಳಹೋದಾಗ ಅದು ಉಬ್ಬುತ್ತದೆ. ಉಬ್ಬಿದ ಕೂಡಲೇ ಸೂಜಿ ಹೊರಗೆ. ಕೆಲವು ಅಂಡಗಳು ಅಲ್ಲೇ ಒಡೆದುಹೋಗುತ್ತವೆ, ಎಂಥ ಪಳಗಿದ ಕೈಯಾದರೂ ಅಷ್ಟೇ.

ನಾವು ತುಂಬಿದ್ದು ಕ್ರಿಸ್ಪರ್: ಡಿಎನ್‌ಎ ಕತ್ತರಿಸುವ ಕ್ಯಾಸ್9 ಪ್ರೋಟೀನು, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಆರ್‌ಎನ್‌ಎ. 2013ರಿಂದ ಇಲಿಗಳಲ್ಲಿ ಈ ದಾರಿ ಬಂತು. ಅದಕ್ಕೂ ಮೊದಲು ಭ್ರೂಣದ ಕಾಂಡಕೋಶಗಳಲ್ಲಿ ಜೀನ್ ಬದಲಿಸಿ, ಅವನ್ನು ಎಳೆ ಭ್ರೂಣಕ್ಕೆ ಸೇರಿಸಿ, ಬೆರಕೆ ಇಲಿಗಳನ್ನು ಪಡೆದು, ಮತ್ತೆ ಅವುಗಳ ಮರಿಗಾಗಿ ಕಾಯಬೇಕಿತ್ತು. ಆ ವಿಧಾನಕ್ಕೆ ದಾರಿ ಮಾಡಿದ ಕ್ಯಾಪೆಕಿ, ಇವಾನ್ಸ್, ಸ್ಮಿಥೀಸ್ ಅವರಿಗೆ 2007ರಲ್ಲಿ ನೊಬೆಲ್ ಸಿಕ್ಕಿತು.

ಉಳಿದ ಅಂಡಗಳಿಗೆ ಬಾಡಿಗೆ ತಾಯಿ ಬೇಕಲ್ವಾ? ಅದಕ್ಕೆ ಸಂತಾನಹರಣ ಮಾಡಿದ ಗಂಡಿನ ಜೊತೆ ಬೇರೊಂದು ಹೆಣ್ಣನ್ನು ಬಿಟ್ಟಿರುತ್ತಾರೆ. ಗರ್ಭ ಕಟ್ಟಿಲ್ಲ, ಆದರೂ ಅವಳ ಮೈ ಬಸುರಿಗೆ ಸಜ್ಜಾಗಿರುತ್ತದೆ. ಅರಿವಳಿಕೆ ಕೊಟ್ಟು ಅವಳ ಅಂಡನಾಳಕ್ಕೆ ಇವನ್ನು ಸೇರಿಸುತ್ತಾರೆ. ಇಡೀ ದಿನದಲ್ಲಿ ನನಗೆ ಅತಿ ಜಾಣ ಉಪಾಯ ಅನ್ನಿಸಿದ್ದು ಇದೇ, ಕ್ರಿಸ್ಪರ್ ಅಲ್ಲ.

ಸುಮಾರು 20 ದಿನಕ್ಕೆ ಮರಿಗಳು. ಅವು ಸ್ವಲ್ಪ ಬೆಳೆದ ಮೇಲೆ ಕಿವಿಯ ಚೂರು ತೆಗೆದು ಪಿಸಿಆರ್ (ಡಿಎನ್‌ಎಯ ಬೇಕಾದ ಭಾಗವನ್ನು ನಕಲು ಮಾಡಿ ನೋಡುವ ಪರೀಕ್ಷೆ) ಮಾಡುತ್ತಾರೆ. ಬದಲಾವಣೆ ಕಂಡರೂ ಸುಮ್ನೆ ಖುಷಿಪಡುವ ಹಾಗಿಲ್ಲ. ಒಂದೇ ಮರಿಯ ಬೇರೆ ಬೇರೆ ಕೋಶಗಳಲ್ಲಿ ಬೇರೆ ಬೇರೆ ತಿದ್ದುಪಡಿ ಇರಬಹುದು. ಹಾಗಾಗಿ ಅದನ್ನು ಮಾಮೂಲಿ ಇಲಿಯ ಜೊತೆ ಕೂಡಿಸಿ, ಹುಟ್ಟಿದ ಮರಿಗಳನ್ನೂ ಪರೀಕ್ಷಿಸುತ್ತಾರೆ. ಅವುಗಳಲ್ಲಿ ಅದೇ ಬದಲಾವಣೆ ಸಿಕ್ಕರೆ ಮಾತ್ರ ಹೊಸ ತಳಿ ಅಂತ ಲೆಕ್ಕ.